ಅರ್ಥ ಹೇಳಲು ಮಸ್ಕಿಯಿಂದ ಬಂದರು

ಚಹಾದ ಕಪ್ಪು ಇನ್ನೂ ಕೈಯಲ್ಲೇ ಇತ್ತು, ಜವಳಗೇರಾದಿಂದ ಬಸಣ್ಣನ ಫೋನ್.

"ಲೇ ಮುದುಕಾ, ಡಿಪ್ರ್ಯಾವಿಟಿ ಅಂದ್ರ ಏನಲೇ?"

ನಾನು ಸಿಂಧನೂರಿನವನು, ಇವನು ಚಡ್ಡಿ ಹಾಕುವ ಕಾಲದ ಗೆಳೆಯ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ನಾನು ಕೇಳಿದ ದೊಡ್ಡ ಇಂಗ್ಲಿಷ್ ಪದ ಅಂದರೆ ಟ್ರಾನ್ಸ್‌ಫಾರ್ಮರ್. ಅದೂ ಅದು ಸುಟ್ಟಾಗ.

ಯಾರಿಗೆ ಅಂದರು ಅಂತ ಕೇಳಿದೆ. "ನನಗ ಅಂದಾರ" ಅಂದ.

ವಿಷಯ ಇಷ್ಟು. ಹಿಂದಿನ ದಿನ ಅವನ ಮಗಳು ಗಂಗಾಳ ನಿಶ್ಚಯ ಆಗಿತ್ತು. ಹುಡುಗ ಲಿಂಗಸುಗೂರಿನವನು, ಗಂಗಾಳ ಮನಸ್ಸಿಗೂ ಬಂದವನು.

ಊಟವಾದ ಮೇಲೆ ಗಂಡಿನ ಕಡೆಯ ಹಿರಿಯರಿಗೆಲ್ಲ ಟವೆಲ್ ಹೊದಿಸಿ, ಟೋಪಿ ಇಟ್ಟು ಆಯಾರದ ಮರ್ಯಾದೆ ಮಾಡಿದ್ದಾರೆ. ಹುಡುಗನ ಸೋದರಮಾವ, ಮಸ್ಕಿಯ ಅಮರೇಶಪ್ಪನವರು, ಆ ಹೊತ್ತಿಗೆ ಫೋನ್ ಹಿಡಿದುಕೊಂಡು ಹೊರಗಿದ್ದರು. ಬಸಣ್ಣ ಅವರನ್ನು ಮರೆತೇಬಿಟ್ಟ.

ಅಮರೇಶಪ್ಪನವರು ರಿಟೈರ್ಡ್ ಹೆಡ್ ಕ್ಲರ್ಕ್. ಮನೆಗೆ ಹೋದವರೇ ಎರಡೂ ಕಡೆಯವರಿರುವ ವಾಟ್ಸಾಪ್ ಗ್ರೂಪಿಗೆ ಬಸಣ್ಣನ ಹೆಸರು ಬರೆದು, ಮುಂದೆ ಒಂದೇ ಒಂದು ಪದ ಹಾಕಿದರು. ಡಿಪ್ರ್ಯಾವಿಟಿ. ಫುಲ್‌ಸ್ಟಾಪ್ ಸಮೇತ.

ಬೀಗರಾಗುವ ಮೊದಲೇ ಎರಡೂ ಮನೆಯ ಬಾಯಿಗೆ ಬೀಗ ಬಿತ್ತು.

ಬಸ್ ಹತ್ತಿ ಹೋದೆ. ನಾನು ಮುಟ್ಟುವಷ್ಟರಲ್ಲಿ ಮನೆಯವರೆಲ್ಲ ಮೊಬೈಲಿನಲ್ಲಿ ಅರ್ಥ ಹುಡುಕಿದ್ದರು. ಒಂದು ಕಡೆ ನೀಚತನ. ಇನ್ನೊಂದು ಕಡೆ ನೈತಿಕ ಅಧಃಪತನ. ಮತ್ತೊಂದು ಕಡೆ ಕೆಟ್ಟ ನಡತೆ.

ನೀಚತನವನ್ನು ಬಸಣ್ಣ ಹೇಗೋ ನುಂಗಿದ್ದ. ಅಧಃಪತನ ಅರ್ಥವಾಗಿರಲಿಲ್ಲ, ಹಾಗಾಗಿ ನೋವೂ ಆಗಿರಲಿಲ್ಲ. ನಡತೆ ಅನ್ನುವ ಮಾತಿಗೆ ಮಾತ್ರ ಕೆಂಡವಾಗಿದ್ದ... ಹೆಣ್ಣು ಕೊಡುವ ಮನೆಗೆ ಅನ್ನುವ ಮಾತೇ ಅದು?

"ಹಲ್ಕಟ್ ಅಂದಿದ್ರ ನಾನೂ ನಾಕು ಅಂತಿದ್ದೆ, ಅಲ್ಲಿಗಲ್ಲಿಗೆ ಮುಗೀತಿತ್ತು. ಇದಕ್ಕ ತಿರುಗಿ ಏನಂತ ಬೈಬೇಕು ಹೇಳು. ನನಗ ಈ ಸಂಬಂಧನ ಬ್ಯಾಡ. ಸಂಜಿಗೆ ಹೇಳಿಬಿಡ್ತೀನಿ."

ಒಳಗೆ ಗಂಗಾ ರೊಟ್ಟಿ ತಟ್ಟುತ್ತಿದ್ದಳು. ಸದ್ದು ನಿಂತಿತು.

ಅದಕ್ಕಿಂತ ಕೆಳಗಿನ ಇಂಗ್ಲಿಷ್ ಪದಗಳು ನನ್ನ ಸ್ಟಾಕಿನಲ್ಲಿ ಇದ್ದವು, ಕೈಗೆ ಕೊಟ್ಟಿದ್ದರೆ ಬಸಣ್ಣ ಗ್ರೂಪಿಗೆ ಹಾಕಿಯೇ ಬಿಡುತ್ತಿದ್ದ. ಆದರೆ ನನಗೆ ಬೇರೆ ಕಿತಾಪತಿ ಹೊಳೆಯಿತು.

ಅಮರೇಶಪ್ಪನವರಿಗೇ ಫೋನ್ ಹಚ್ಚಿದೆ. "ಸಾಹೇಬ್ರ, ನಿಮ್ಮ ಶಬ್ದಕ್ಕ ಇಲ್ಲಿ ಒಬ್ಬೊಬ್ರು ಒಂದೊಂದು ಅರ್ಥ ಹೇಳಾಕತ್ತಾರ್ರಿ. ತಿಳದವ್ರು ನೀವು. ಬಂದು ಬಿಡಿಸಿ ಹೇಳಿದ್ರ ಚಲೋ ಆಕ್ಕೈತಿ."

ಇಂಗ್ಲಿಷ್ ಬಲ್ಲವರನ್ನು ಅರ್ಥ ಕೇಳಿ ನೋಡಿ, ಜ್ವರ ಇದ್ದರೂ ಎದ್ದು ಬರುತ್ತಾರೆ. ಮಧ್ಯಾಹ್ನಕ್ಕೆ ಬೈಕಿನ ಹಿಂದೆ ಕೂತು ಬಂದೇಬಿಟ್ಟರು. ಬೈಕ್ ಓಡಿಸಿದವನು ಮದುವೆ ಹುಡುಗನೇ, ಪಾಪ, ಮುಖ ಇಷ್ಟು ಸಣ್ಣಗಾಗಿತ್ತು.

ಪಡಸಾಲೆಯಲ್ಲಿ ಅವರಿಗೆ ಕುರ್ಚಿ ಹಾಕಿಸಿದೆ. ಎದುರಿಗೆ ಬಸಣ್ಣನ ತಾಯಿ ನಿಂಗಮ್ಮನನ್ನು ಕರೆತಂದು ಕೂರಿಸಿದೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ.

"ಯಮ್ಮಾ, ಇವ್ರು ನಿನ್ನ ಮಗಗ ಇಂಗ್ಲಿಷಿನಾಗ ಡಿಪ್ರ್ಯಾವಿಟಿ ಅಂದಾರ. ಹಂಗಂದ್ರ ಏನಂತ ನಿನಗ ಕನ್ನಡದಾಗ ಹೇಳ್ತಾರ" ಅಂದೆ.

ನಿಂಗಮ್ಮ ಸೆರಗು ಸರಿಮಾಡಿಕೊಂಡು ಕಿವಿ ಮುಂದೆ ತಂದಳು. "ಹೇಳ್ ತಮ್ಮಾ. ನನ್ನ ಮಗ ಏನು?"

ಅಮರೇಶಪ್ಪನವರು ನನ್ನನ್ನು ನೋಡಿದರು. ನಾನು ಮೇಲಿನ ಜಂತಿ ನೋಡಿದೆ.

"ಅದು ಯಮ್ಮಾ... ಮನುಷ್ಯಾನ ಗುಣ ಸ್ವಲ್ಪ..."

"ಜೋರಾಗಿ ಹೇಳಪ."

"ಗುಣ ಸ್ವಲ್ಪ ಕೆಳಗ..."

"ಯಾರ್ದು?"

ಮುದುಕಿಯ ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಓದಿದವರೊಬ್ಬರು ತನ್ನ ಮಗನ ಬಗ್ಗೆ ಏನೋ ಹೇಳುತ್ತಾರೆ ಅಂತ ಕಾಯುತ್ತಿದ್ದಾಳೆ, ಅಷ್ಟೇ. ಅಮರೇಶಪ್ಪನವರ ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ. ಬಸಣ್ಣ ಅವರ ಬಾಯನ್ನೇ ನೋಡುತ್ತಿದ್ದಾನೆ.

ಕೊನೆಗೆ ಮಾತು ಹೊರಬಿತ್ತು.

"ಮರಿತಾರ ಅಂತ, ಯಮ್ಮಾ. ನಿಮ್ಮ ಮಗಗ ಮರವು ಬಾಳ ಅಂತ ಅದರ ಅರ್ಥ."

"ಹೌದಪ" ಅಂದಳು ನಿಂಗಮ್ಮ. "ಸಣ್ಣಾಂವ ಇದ್ದಾಗಿಂದ ಹಂಗ ಅದಾನ. ಎಮ್ಮಿ ಕಾಯಾಕ ಹೋಗಿ ಎಮ್ಮಿನ ಬಿಟ್ಟು ಬರ್ತಿದ್ದ. ಇಷ್ಟು ಹೇಳಾಕ ಇಂಗ್ಲಿಷ್ ಯಾಕ ಬೇಕಿತ್ತು ತಮ್ಮಾ?"

ಅಮರೇಶಪ್ಪನವರು ಕುತ್ತಿಗೆಯ ಬೆವರು ಒರೆಸಿಕೊಂಡರು.

ಅವರು ಹೇಳಿದ್ದು ಸುಳ್ಳು ಅಂತ ಬಸಣ್ಣನಿಗೂ ಗೊತ್ತು. ಆದರೆ ತನ್ನ ತಾಯಿಯ ಎದುರು ಆ ಮನುಷ್ಯನಿಗೆ ನಾಲಿಗೆ ಏಳಲಿಲ್ಲ, ಅದನ್ನೂ ಕಣ್ಣಾರೆ ನೋಡಿದ್ದ. "ನಂದೂ ತಪ್ಪಾತ್ರಿ. ಖರೇನ ಮರತೆ" ಅಂದ.

"ನಂದು ಬಾಳ ಆತು ಬಿಡ್ರಿ" ಅಂದರು ಅವರು. ಎಲ್ಲರೆದುರೇ ಮೊಬೈಲ್ ತೆಗೆದು ಗ್ರೂಪಿನಿಂದ ಆ ಪದ ಅಳಿಸಿದರು. ಮದುವೆ ಹುಡುಗ ಆಗ ಒಂದು ಉಸಿರು ಬಿಟ್ಟ ನೋಡಿ, ಕ್ಯಾಲೆಂಡರ್ ಅಲುಗಾಡಿತು.

ಗಂಗಾ ಚಹಾ ತಂದಳು. ಗಾಬರಿಯಲ್ಲಿ ಸಕ್ಕರೆ ಹಾಕಿರಲಿಲ್ಲ. ನಾವೆಲ್ಲ ಮರ್ಯಾದೆಗೆ ಸುಮ್ಮನೆ ಕುಡಿಯುತ್ತಿದ್ದರೆ ನಿಂಗಮ್ಮ ಒಂದು ಗುಟುಕಿಗೇ ಮುಖ ಕಿವುಚಿದಳು.

"ಸಕ್ಕರಿ ಎಲ್ಲೈತಿ ಬೇ? ನಿನಗೂ ನಿಮ್ಮಪ್ಪನ ಡಿಪ್ರ್ಯಾವಿಟಿ ಬಂತೇನು?"

ಮೊದಲು ನಕ್ಕವರು ಅಮರೇಶಪ್ಪನವರೇ. ನಾನಂತೂ ಅರ್ಥ ತಿದ್ದಲು ಹೋಗಲಿಲ್ಲ.

ನಿಮ್ಮನ್ನೊಂದು ಕೇಳಲಾ... ನೀವು ಯಾರಿಗೋ ಇಂಗ್ಲಿಷಿನಲ್ಲಿ ಅಂದ ಮಾತನ್ನು, ಅವರ ತಾಯಿಯ ಎದುರು ಕೂತು ಕನ್ನಡದಲ್ಲಿ ಹೇಳುವುದಕ್ಕೆ ನಿಮಗೆ ಆಗುತ್ತದಾ?