ಕಿಟಕಿಯಲ್ಲಿರದ ಪಿಂಗಾಣಿ

ಪಕ್ಕದ ಮನೆಯ ಮುದುಕ ಬಿದ್ದದ್ದು ಅಡುಗೆಮನೆಯಲ್ಲಿ ಕಾಲು ಜಾರಿ. ಸತ್ತದ್ದು ನಾನು ಹೆದರಿ ಸುಮ್ಮನೆ ಕೂತದ್ದಕ್ಕೆ. ಮಗಳು ಹಾಗೆಲ್ಲ ಅನ್ನಬೇಡ ಎನ್ನುತ್ತಾಳೆ. ನಾನು ಅನ್ನುತ್ತೇನೆ.

ಮೊನ್ನೆ ಹಿಟ್ಟಿನ ಡಬ್ಬಿಗಳ ಹಿಂದೆ ಕೈ ಹಾಕಿದಾಗ ತಣ್ಣಗೆ ಒಂದು ಪಿಂಗಾಣಿ ಸಿಕ್ಕಿತು. ಹಳೆಯ ಕಾಲದ ರೈಲು ಹಳಿಯ ಪಕ್ಕದ ಕಂಬಗಳಲ್ಲಿ ಟೆಲಿಗ್ರಾಫ್ ತಂತಿ ಕಟ್ಟಲು ಇಡುತ್ತಿದ್ದರಲ್ಲ, ಬೋರಲು ಹಾಕಿದ ಬಟ್ಟಲಿನಂಥದ್ದು, ಅದು. ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡೆ. ಇಷ್ಟು ವರ್ಷವಾದರೂ...

ಆಗ ನಾನು ಅಮೆರಿಕದ ವುಡ್‌ಬ್ರಿಡ್ಜ್‌ಗೆ, ಮಗಳ ಮನೆಗೆ ಬಂದು ಆರು ತಿಂಗಳ ಮೇಲಾಗಿತ್ತು. ಮುದುಕ ಒಬ್ಬನೇ ಇದ್ದ. ಅವನ ಗರಾಜಿನ ತುಂಬ ಇಂಥವೇ. ಇಂಗ್ಲೆಂಡಿನಿಂದ ತರಿಸಿ, ಹಲ್ಲಿನ ಬ್ರಷ್ಷಿನಿಂದ ಮಸಿ ತಿಕ್ಕಿ, ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದ. ನಮ್ಮಪ್ಪ ಗದಗಿನ ಕಡೆ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದವನು. ಕಂಬದಿಂದ ಬಿದ್ದವನ್ನು ಮನೆಗೆ ತರುತ್ತಿದ್ದ. ನಾನು ಒಂದನ್ನು ಎತ್ತಿ, "ಇದ್ರಿಂದ ನಾವು ಬೆಳ್ಳೊಳ್ಳಿ ಜಜ್ಜತಿದ್ವಿ" ಎಂದು ಜಜ್ಜಿ ತೋರಿಸಿದೆ. ಅವನು ಎರಡೂ ಕೈ ಚಾಚಿ ಕಸಿದುಕೊಂಡ. ಜೊತೆಗೆ ಬಂದಿದ್ದ ಮೊಮ್ಮಗಳು ನಕ್ಕಳು. "ಅಜ್ಜಿ, ಸ್ಟಾಪ್! ಹಿ ಈಸ್ ಸ್ಕೇರ್ಡ್ ಆಫ್ ಯು!"

ಆಮೇಲೆ ಗೆಳೆತನವಾಯಿತು. ಒಮ್ಮೆ ತಲೆ ಸುತ್ತಿ ಬಿದ್ದ ಮೇಲೆ ಅವನು ಒಂದು ನೇಮ ಮಾಡಿದ. ದಿನಾ ಬೆಳಗ್ಗೆ ಎಂಟಕ್ಕೆ ತನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಪಿಂಗಾಣಿ ಇಡುತ್ತಾನೆ, ರಾತ್ರಿ ತೆಗೆಯುತ್ತಾನೆ. ನನಗೆ ಅದು ನಮ್ಮ ಒಲೆಯ ಮುಂದಿನಿಂದಲೇ ಕಾಣುತ್ತಿತ್ತು.

"ಕಿಟಕೀಲಿ ಆ ಕಪ್ ಇಲ್ಲ ಅಂದ್ರೆ ನೈನ್ ಒನ್ ಒನ್‌ಗೆ ಕಾಲ್ ಮಾಡ್ಬೇಕು ಅಜ್ಜಿ. ಪ್ರಾಮಿಸ್?" ಎಂದಳು ಮೊಮ್ಮಗಳು.

"ಆತು ಬಿಡ. ನಿಮ್ಮ ಟಿವಿಗಿಂತ ಇದ ಚಲೋ ಐತಿ."

ಒಂದು ದಿನ ಕಿಟಕಿ ಖಾಲಿ. ಎಂಟಾಯಿತು, ಒಂಬತ್ತಾಯಿತು. ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಂಬುಲೆನ್ಸಿಗೂ ಪೊಲೀಸರಿಗೂ ಒಂದೇ ಆದ ಆ ಮೂರು ಅಂಕಿ ನನಗೆ ಗೊತ್ತಿದ್ದವು. ಆದರೆ ಅವರು ಏನು ಕೇಳುತ್ತಾರೋ, ಮೂರನೇ ಇಯತ್ತೆ ಓದಿದವಳು ಏನು ಹೇಳಲಿ? ಪೊಲೀಸರು ಬಂದರೆ? ನನ್ನ ವೀಸಾದ ಅವಧಿ ಮುಗಿದಿತ್ತು, ಎಕ್ಸ್‌ಟೆನ್ಶನ್ ಕಾಗದ ಬಂದಿರಲಿಲ್ಲ. ನನ್ನನ್ನು ಹಿಡಿದರೆ ಮಗಳ ಗ್ರೀನ್ ಕಾರ್ಡಿನ ಗತಿ? ಫೋನ್ ಕೆಳಗಿಟ್ಟೆ.

ಅವನ ಬಾಗಿಲ ತನಕ ಹೋದೆ. ಒಳಗಿಂದ ಸದ್ದು. ಟಕ್... ಟಕ್... ನೆಲಕ್ಕೆ ಪಿಂಗಾಣಿ ಬಡಿಯುವ ಸದ್ದು. ಅದನ್ನು ಚಿಕ್ಕಂದಿನಿಂದ ಬಲ್ಲವಳು ನಾನು. ಓಡಿ ಬಂದು ನಮ್ಮ ಬಾಗಿಲು ಹಾಕಿಕೊಂಡೆ. ಹೀಟರ್ ಸದ್ದು ಇರಬೇಕು ಎಂದುಕೊಂಡೆ.

ಮೂರು ಗಂಟೆಗೆ ಶಾಲೆಯ ಬಸ್ಸು ಬಂತು. ಮೊಮ್ಮಗಳೇ ಕರೆ ಮಾಡಿದಳು. ಅವನನ್ನು ಹೊತ್ತೊಯ್ಯುವಾಗಲೂ ಮುಷ್ಟಿಯಲ್ಲಿ ಪಿಂಗಾಣಿ ಇತ್ತು. ಮೂರನೇ ದಿನ ಆಸ್ಪತ್ರೆಯಲ್ಲಿ ಹೋದ. ಬೆಳಗ್ಗೆಯೇ ತಂದಿದ್ದರೆ ಉಳಿಯುತ್ತಿದ್ದ ಎಂದರಂತೆ ಡಾಕ್ಟರು. ಅವನ ಮಗಳು ಬಂದು ಅದೇ ಪಿಂಗಾಣಿಯನ್ನು ನನ್ನ ಕೈಗೆ ಕೊಟ್ಟು, ದಿನಾ ಕಿಟಕಿ ನೋಡುತ್ತಿದ್ದುದಕ್ಕೆ ಥ್ಯಾಂಕ್ಯೂ ಎಂದಳು. ನಾನು ಅದನ್ನು ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟುಬಿಟ್ಟೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಎಂಟಾದರೆ ಕಣ್ಣು ಇನ್ನೂ ಆ ಕಿಟಕಿಗೇ ಹೋಗುತ್ತದೆ. ಅವನಿಲ್ಲ.

ಆಗ, ಅವನು ಸತ್ತ ಸುದ್ದಿ ಬಂದ ಮರುದಿನ ಬೆಳಗ್ಗೆ, ಚಹಾಕ್ಕೂ ಮೊದಲು, ಮೊಮ್ಮಗಳನ್ನು ಎಬ್ಬಿಸಿ, ಆ ನಂಬರಿಗೆ ಫೋನ್ ಮಾಡಿದರೆ ಏನನ್ನಬೇಕು ಎಂದು ಕೇಳಿದೆ. ಅವಳು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಓಲ್ಡ್ ಮ್ಯಾನ್ ಫೆಲ್ ಡೌನ್. ಕಮ್ ಫಾಸ್ಟ್. ಕೆಳಗೆ ಪಕ್ಕದ ಮನೆಯ ನಂಬರು.

"ಬಟ್ ಅಜ್ಜಿ, ಅಲ್ಲಿ ಯಾರೂ ಇಲ್ಲ ಈಗ."

"ಗೊತ್ತೈತಿ. ಹೇಳಿಕೊಡ."

ಬಸ್ಸು ಬರುವವರೆಗೆ ಬಾಯಿಪಾಠ ಮಾಡಿದೆ.