ಜೋಕಾಲಿಯ ಉದ್ದ

ದುಂಡಸಿಯಲ್ಲಿ ನಮ್ಮಕ್ಕ ನೀಲವ್ವನ ಹಿತ್ತಲಿನ ಹುಣಸೆಮರಕ್ಕೆ ನಾಗರ ಪಂಚಮಿಗೆಂದು ಕಟ್ಟಿದ ಜೋಕಾಲಿ ಹಬ್ಬ ಕಳೆದು ತಿಂಗಳುಗಳಾದರೂ ಇಳಿಯುವುದಿಲ್ಲ. ಅದರ ಹಲಗೆಯ ಮೇಲೆ ಅಕ್ಕ ಹಪ್ಪಳ ಒಣಗಿಸುತ್ತಾಳೆ, ಅವರೆ ಸುಲಿಯುತ್ತಾಳೆ, ಬೇಸರವಾದರೆ ತಾನೇ ಕೂತು ನಾಲ್ಕು ಸಲ ಜೀಕುತ್ತಾಳೆ. ಈ ಜೋಕಾಲಿ ನನ್ನ ಇಪ್ಪತ್ತೆರಡು ವರ್ಷಗಳ ಪಾಠವನ್ನು ಅಲ್ಲಾಡಿಸಿತೆಂದರೆ, ಗೆಳೆಯರೆ, ನೀವು ನಗಬಹುದು. ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ನಾನು ಹಾನಗಲ್ಲಿನಲ್ಲಿ ಕಾಲೇಜು ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು. ಲೋಲಕ ಮೆಲ್ಲಗೆ ತೂಗಲಿ, ಜೋರಾಗಿ ತೂಗಲಿ, ಒಂದು ತೂಗಾಟಕ್ಕೆ ಹಿಡಿಯುವ ಹೊತ್ತು ಒಂದೇ ಎಂದು ಹೇಳುತ್ತ ಬಂದವಳು. ‘ಕೋನ ಚಿಕ್ಕದಾಗಿದ್ದರೆ ಮಾತ್ರ’ ಎಂಬ ಷರತ್ತು ಪುಸ್ತಕದಲ್ಲಿದೆ. ವರ್ಷವರ್ಷವೂ ಅವಸರದಲ್ಲಿ ಅದನ್ನು ನುಂಗುತ್ತ ನುಂಗುತ್ತ ಕೊನೆಗೆ ಅರಗಿಸಿಕೊಂಡೇಬಿಟ್ಟಿದ್ದೆ.

ಸವಣೂರಿನ ಶಾಹೀನ್ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಈ ಜೋಕಾಲಿಯನ್ನು ತೋರಿಸಿಕೊಟ್ಟವಳು ನಾನೇ. ಅವಳು ಅಕ್ಕನನ್ನು ಹಲಗೆಯ ಮೇಲೆ ಕೂರಿಸಿ, ಬೇರೆ ಬೇರೆ ಎತ್ತರಕ್ಕೆ ಎಳೆದು ಬಿಟ್ಟು, ಮೊಬೈಲಿನಲ್ಲಿ ವಿಡಿಯೋ ಮಾಡಿ, ಪ್ರತಿ ತೂಗಾಟದ ಕೋನವನ್ನೂ ಹೊತ್ತನ್ನೂ ಚುಕ್ಕೆಯಿಟ್ಟು ಗುರುತಿಸಿದಳು. ಆ ಚುಕ್ಕೆಗಳು ಅಡ್ಡಗೆರೆಯಾಗಿ ಮಲಗಬೇಕಿತ್ತು. ಕೋನ ಹೆಚ್ಚಿದಂತೆಲ್ಲ ಮೇಲಕ್ಕೆದ್ದವು. ‘ಅಳತೆ ತಪ್ಪು, ಮತ್ತೆ ಮಾಡು’ ಎಂದು ಎರಡು ಸಲ ಹಿಂತಿರುಗಿಸಿದೆ. ಮೂರನೆಯ ಸಲವೂ ಅದನ್ನೇ ತಂದಳು. ಸಲ್ಲಿಸಲು ಎರಡೇ ದಿನ ಉಳಿದಿದ್ದವು; ನನ್ನ ಸಹಿ ಬೀಳದಿದ್ದರೆ ಅವಳ ವರ್ಷವೇ ಹೋಗುತ್ತಿತ್ತು.

“ಗೆರಿ ನೆಟ್ಟಗ ಮಾಡು ಅಂದ್ರ ಮಾಡ್ತೇನ್ರಿ ಮೇಡಂ,” ಎಂದಳು ಮೆಲ್ಲಗೆ. “ಆದ್ರ ಅದು ಜೋಕಾಲಿ ಹೇಳಿದ್ದಲ್ಲ, ನಾ ಹೇಳಿದ್ದು ಆಗತೈತಿ.”

ಪುಸ್ತಕ ತೆರೆದರೆ ಆ ಷರತ್ತು ಅಲ್ಲೇ ಕೂತಿತ್ತು. ದೊಡ್ಡ ತೂಗಾಟದ ಹೊತ್ತನ್ನು ಹೇಳುವುದು ಒಂದು ಅನುಕಲ, ಅಂದರೆ ದಾರಿಯುದ್ದಕ್ಕೂ ಹಿಡಿದ ಚೂರು ಚೂರು ಹೊತ್ತನ್ನೆಲ್ಲ ಕೂಡಿಸುವ ಲೆಕ್ಕ. ಬೆಲೆ ಹಾಕಿದೊಡನೆ ಉತ್ತರ ಉದುರಿಸುವ ಸರಳ ಸೂತ್ರ ಅದಕ್ಕಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕೂಡಿಸಿಯೇ ತೀರಬೇಕು. ಅದಕ್ಕೂ ಜೋಕಾಲಿಯ ಉದ್ದ ಬೇಕು, ಅದನ್ನು ನಾವು ಅಳೆದೇ ಇರಲಿಲ್ಲ. ಹಾಗಾಗಿ ಒಂದು ಉದ್ದವನ್ನು ಊಹಿಸಿ, ಎಲ್ಲ ಕೋನಗಳಿಗೂ ಕೂಡಿಸಿ, ಲೆಕ್ಕದ ಗೆರೆ ಚುಕ್ಕೆಗಳಿಂದ ಎಷ್ಟು ದೂರ ನಿಂತಿತೆಂದು ನೋಡಿ, ಉದ್ದವನ್ನು ತುಸು ತಿದ್ದಿ, ಮತ್ತೆ ಕೂಡಿಸುತ್ತ ಹೋದೆವು. ಹನ್ನೊಂದನೆಯ ಸಲಕ್ಕೆ ಗೆರೆ ಚುಕ್ಕೆಗಳ ಮೇಲೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತಿತು. ತಪ್ಪುತ್ತ ತಪ್ಪುತ್ತಲೇ ಸತ್ಯದ ಹತ್ತಿರ ಸರಿಯುವುದರಲ್ಲಿ ಇಷ್ಟೊಂದು ಸುಖವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಶಾಹೀನಳ ಎರಡೂ ಕೈ ಹಿಡಿದು ಸ್ಟಾಫ್‌ರೂಮಿನಲ್ಲಿ ಒಂದು ಸುತ್ತು ತಿರುಗಿಬಿಟ್ಟೆ.

ಮರುದಿನ ಇಬ್ಬರೂ ದುಂಡಸಿಗೆ ಹೋದೆವು. ಶಾಹೀನ್ ಉದ್ದನೆಯ ಗಳಕ್ಕೆ ಟೇಪು ಕಟ್ಟಿ, ಕೊಂಬೆಯ ಗಂಟಿನಿಂದ ಹಲಗೆಯವರೆಗೆ ಅಳೆದಳು. ಹಗ್ಗ ನಮ್ಮ ಲೆಕ್ಕಕ್ಕಿಂತ ಒಂದು ಗೇಣು ಉದ್ದ ಬಂತು. ಶಾಹೀನ್ ಟೇಪನ್ನು ಸುತ್ತದೆ ಹಾಗೇ ಹಿಡಿದು ನಿಂತಳು.

ಅಕ್ಕ ಸಂಗತಿ ಕೇಳಿಕೊಂಡು ಹಲಗೆಯ ಮೇಲೆ ಕೂತಳು. “ತೂಗಿದ್ದು ಬರೇ ಹಲಗಿ ಏನವಾ? ನನ್ನ ಭಾರ ಎಲ್ಲಾ ಇಲ್ಲಿ ಐತಿ,” ಎಂದು ಹೊಟ್ಟೆ ತಟ್ಟಿಕೊಂಡಳು.

ಅಕ್ಕನ ಹೊಟ್ಟೆ ಹಲಗೆಯಿಂದ ಸರಿಯಾಗಿ ಒಂದು ಗೇಣು ಮೇಲಿತ್ತು. ಲೋಲಕದ ಉದ್ದ ಮುಗಿಯುವುದು ಹಗ್ಗದ ತುದಿಯಲ್ಲಲ್ಲ, ತೂಗುವ ಭಾರದ ನಡುವಿನಲ್ಲಿ. ಲೆಕ್ಕ ಅಕ್ಕನನ್ನೂ ಸೇರಿಸಿಕೊಂಡೇ ಅಳೆದಿತ್ತು.

“ಹಂಗಾದ್ರ ನಿಂತು ಜೀಕಿದ್ರ ಜೋಕಾಲಿ ಇನ್ನೂ ಗಿಡ್ಡ ಆಗಬೇಕ್ರಿ,” ಎಂದ ಶಾಹೀನ್, ‘ಹಲಗೆಯವರೆಗಿನ ಉದ್ದಕ್ಕಿಂತ ಎರಡು ಮೊಳ ಕಡಿಮೆ’ ಎಂದು ಮೊದಲೇ ಬರೆದಿಟ್ಟಳು. ಅಕ್ಕನಿಗೆ ಮೊಣಕಾಲು ನೋವು. ಆದ್ದರಿಂದ ಐವತ್ತೊಂದರ ನಾನು ಸೆರಗು ಬಿಗಿದು ಹಲಗೆಯ ಮೇಲೆ ನಿಂತೆ. ಅಕ್ಕ ಎಳೆದು ಬಿಟ್ಟಳು. ಹಂಚಿನ ಮಾಡು, ಮೆಕ್ಕೆಜೋಳದ ಹೊಲ, ಶಿಗ್ಗಾವಿ ರಸ್ತೆಯ ಬಸ್ಸು, ಎಲ್ಲವೂ ನನ್ನ ಕಾಲಡಿಗೆ ಬಂದು ಬಂದು ಹೋದವು. ಶಾಹೀನ್ ಅದನ್ನೂ ವಿಡಿಯೋ ಮಾಡಿ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಚುಕ್ಕೆಯಿಟ್ಟು, ಊಹಿಸಿ, ಕೂಡಿಸಿ, ತಿದ್ದಿ, ಕೊನೆಗೆ ತಲೆಯೆತ್ತಿದಳು.

“ಎರಡು ಮೊಳಕ್ಕ ಎರಡು ಬೆರಳು ಕಮ್ಮಿ ಬಂತ್ರಿ ಮೇಡಂ. ಕೂಡಿ ಬಂತು. ಇಳೀರಿ, ಸಹಿ ಹಾಕ್ರಿ.”

“ಹಾಕ್ತೇನಿ,” ಎಂದೆ ಮೇಲಿನಿಂದ. “ಇನ್ನೊಂದು ನಾಕು ಚುಕ್ಕಿ ಇದ್ರ ಚಲೋ. ಅಕ್ಕಾ, ಇನ್ನೂ ಸ್ವಲ್ಪ ಜೋರು ಎಳಿ.”