ಸಿಂಹಳದ ದಾರಿಗೆ ಬ್ರಹ್ಮಾವರದ ಗದ್ದೆ

ಒಮ್ಮೆ ಬಿಚ್ಚಿದ ಭೂಪಟವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿಟ್ಟ ಮಹಾನುಭಾವರನ್ನು ನಾನು ಈವರೆಗೆ ಕಂಡಿಲ್ಲ. ನೀವೇನಾದರೂ ಅಂಥವರಾಗಿದ್ದರೆ ನಿಮಗೊಂದು ದೂರದ ನಮಸ್ಕಾರ. ನಮ್ಮ ಮನೆಯ ಸಿಂಹಳ ದ್ವೀಪದ ಪಟವಂತೂ ಬಿಚ್ಚಿದ ಮೂರನೆಯ ದಿನಕ್ಕೇ ಕ್ಯಾಂಡಿಯ ಬೆಟ್ಟಗಳನ್ನು ಸಮುದ್ರಕ್ಕೆ ಬಗ್ಗಿಸಿ, ಕೊಲಂಬೊ ಪಟ್ಟಣವನ್ನು ಎರಡಾಗಿ ಹರಿದು, ಒಂದು ದೊಡ್ಡ ಹಲಸಿನ ಹಪ್ಪಳದಂತೆ ಜಗಲಿಯ ತುಂಬ ಹರಡಿಕೊಂಡಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನು ಕುಂದಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿ ಸರಸ್ವತಿ ಸಾಲಿಗ್ರಾಮದವಳು. ಅವಳ ಅಣ್ಣ ಮಂಜಯ್ಯ ಕೊಲಂಬೊದಲ್ಲಿ ಹೋಟೆಲು ಇಟ್ಟಿದ್ದ. ಆ ಭಾವನಿಂದ ಕಾಗದ ಬಂತು: “ಬೇಸಿಗೆ ರಜೆಯಲ್ಲಿ ಇಬ್ಬರೂ ಬನ್ನಿ. ನನ್ನದೊಂದು ಹಳೆಯ ಕಾರಿದೆ. ಹೋಟೆಲು ಬಿಟ್ಟು ಬರಲು ನನ್ನಿಂದಾಗದು. ನೀವಿಬ್ಬರೇ ಕಾರಿನಲ್ಲಿ ಒಂದು ತಿಂಗಳು ನಿಧಾನವಾಗಿ ದ್ವೀಪ ಸುತ್ತಿ. ಕಾರು ಬಿಡಲು ಕಲಿಯುವುದು ಗಣಿತ ಬಲ್ಲವರಿಗೆ ಏನು ಮಹಾ?”

ಈ ಕೊನೆಯ ವಾಕ್ಯ ನನ್ನ ತಲೆಗೇರಿತು. ‘ನೀವಿಬ್ಬರೇ’ ಎಂಬ ಶಬ್ದ ಸರಸ್ವತಿಯ ಎದೆಗಿಳಿಯಿತು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಏಳು ಜನಕ್ಕಿಂತ ಕಡಿಮೆ ಪರಿವಾರ ಕಟ್ಟಿಕೊಂಡು ನಾವು ಕೊಲ್ಲೂರಿಗೂ ಹೋದವರಲ್ಲ. ಮಕ್ಕಳಿಬ್ಬರನ್ನೂ ಅಜ್ಜಿಯ ಮನೆಯಲ್ಲಿ ಬಿಡುವುದೆಂದು ಅವಳು ಆ ಕ್ಷಣವೇ ತೀರ್ಮಾನಿಸಿಬಿಟ್ಟಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ, “ಹ್ವಾಯ್, ಅಲ್ಲಿ ಹೊಳಿಗೆ ಸಂಕ ಇತ್ತಾ?”

ನಗಬೇಡಿ. ನಮ್ಮ ಸೀಮೆಯಲ್ಲಿ ಬಸ್ಸು ಹತ್ತಿದವನು ಹೊಳೆ ಬಂದಲ್ಲೆಲ್ಲ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕಿದ್ದ ಕಾಲವದು. ಸೇತುವೆಯ ಮೇಲೆ ಕುಳಿತಲ್ಲಿಂದ ಏಳದೆ ಹೊಳೆ ದಾಟುವುದೇ ಅವಳ ಮಟ್ಟಿಗೆ ವಿದೇಶ.

ನಾನು ಗೆರೆ ಹೊಡೆದ ಪುಸ್ತಕವೊಂದನ್ನು ತೆಗೆದು, ಇಂತಿಷ್ಟು ಗಂಟೆಗೆ ಇಂಥ ಊರು, ಇಷ್ಟು ನಿಮಿಷ ಪ್ರಕೃತಿ ಸೌಂದರ್ಯ, ಇಷ್ಟು ನಿಮಿಷ ಫಲಾಹಾರ ಎಂದು ಮೂವತ್ತು ದಿನಗಳ ವೇಳಾಪಟ್ಟಿ ಬರೆದೆ. ಸರಸ್ವತಿ ಅದನ್ನು ಓದಿ, “ಇದ್ ತಿರ್ಗುಕ್ ಹೋಪುದಾ, ಪರೀಕ್ಷೆ ಬರುಕ್ ಹೋಪುದಾ?” ಎಂದಳು. ಹೊಸ ಊರು ಯಾವುದನ್ನೂ ಸೇರಿಸದೆ ಎಲ್ಲ ಸಾಲುಗಳ ನಡುವೆಯೂ ‘ಸುಮ್ಮನೆ ಕೂರುವುದು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಳು.

ಇನ್ನುಳಿದದ್ದು ಕಾರು ಕಲಿಯುವ ಸಣ್ಣ ಕೆಲಸ. ಬ್ರಹ್ಮಾವರದ ಡಾಕ್ಟರರೊಬ್ಬರು ನನ್ನ ಸ್ನೇಹಿತರು. ಪೆಟ್ರೋಲಿಗೆ ರೇಷನ್ ಇದ್ದ ಆ ದಿನಗಳಲ್ಲೂ ತಮ್ಮ ಪಾಲಿನಲ್ಲಿ ಸ್ವಲ್ಪ ಉಳಿಸಿ, ಭಾನುವಾರಗಳಂದು ಕಾರನ್ನೂ ಡ್ರೈವರ್ ಶೀನನನ್ನೂ ಕೊಡಲು ಒಪ್ಪಿದರು. ಕೊಯ್ಲು ಮುಗಿದ ವಿಶಾಲ ಗದ್ದೆಯೇ ನಮ್ಮ ಪಾಠಶಾಲೆ. ಸರಸ್ವತಿ ಮಜ್ಜಿಗೆಯ ತಂಬಿಗೆ ಹಿಡಿದು ಅಂಚಿನ ಮೇಲೆ ಕುಳಿತಿರುತ್ತಿದ್ದಳು.

ಗೇರು, ಕ್ಲಚ್ಚು, ಬ್ರೇಕುಗಳ ತತ್ತ್ವವನ್ನು ನಾನು ಶೀನನಿಗೇ ತಿಳಿಯದಷ್ಟು ಸೊಗಸಾಗಿ ವಿವರಿಸಬಲ್ಲವನಾಗಿದ್ದೆ. ಆದರೆ ನನ್ನ ಕಾಲುಗಳು ಗಣಿತದಲ್ಲಿ ನಪಾಸಾದ ವಿದ್ಯಾರ್ಥಿಗಳು. ಬಲಗಾಲಿಗೆ ಹೇಳಿದ್ದನ್ನು ಎಡಗಾಲು ಮಾಡುತ್ತಿತ್ತು. “ಅದ್ ಬ್ರೇಕ್ ಅಲ್ಲ ಮಾರಾಯ್ರೆ!” ಎಂಬುದು ಶೀನನ ನಿತ್ಯಮಂತ್ರವಾಯಿತು. ಮೂರನೆಯ ಭಾನುವಾರ, ಮುಂದಕ್ಕೆ ಹೋಗಬೇಕೆಂಬ ನನ್ನ ಪ್ರಾಮಾಣಿಕ ಸಂಕಲ್ಪವನ್ನು ಲೆಕ್ಕಿಸದೆ ಕಾರು ರಭಸದಿಂದ ಹಿಂದಕ್ಕೆ ಹೊರಟು, ಗದ್ದೆಯ ಮೂಲೆಯಲ್ಲಿದ್ದ ಹುಲ್ಲುಕುತ್ರಿಯೊಳಗೆ ಅರ್ಧ ಹೊಕ್ಕು ನಿಂತಿತು. ಕಾರಿನ ಮೇಲ್ಮುಚ್ಚು ಮಡಚಿಟ್ಟಿದ್ದರಿಂದ ನನ್ನ ತಲೆಯ ಮೇಲೆ ಒಂದು ಹೊರೆ ಹುಲ್ಲು ಇಳಿಯಿತು.

ಶೀನ ಕೈಮುಗಿದ. “ಮಾಷ್ಟ್ರೆ, ಇವತ್ತಿಗ್ ಪಾಠ ಸಾಕ್.”

ಅಂಚಿನಿಂದ ಎದ್ದು ಬಂದ ಸರಸ್ವತಿ ನನ್ನ ಕಿವಿಯೊಳಗಿನ ಹುಲ್ಲುಕಡ್ಡಿ ತೆಗೆದಳು. ಆಮೇಲೆ ಶೀನನ ಕಡೆ ತಿರುಗಿ, “ನಾನ್ ಒಂದ್ಸಲ ಬಿಟ್ಟ್ ಕಾಂತೆ,” ಎಂದಳು.

ಕಾರನ್ನು ಹುಲ್ಲಿನಿಂದ ಎಳೆದದ್ದಾಯಿತು. ಹದಿನೆಂಟು ಮೊಳದ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಕುಳಿತಳು. ಮೂರು ಭಾನುವಾರಗಳಿಂದ ನನ್ನ ಕಾಲುಗಳ ತಪ್ಪುಗಳನ್ನೇ ಅವಳು ನೋಡುತ್ತ ಕುಳಿತಿದ್ದಳೆಂದು ನನಗೆ ಆಗ ಹೊಳೆಯಿತು. ಕಾರು ಒಮ್ಮೆ ಕೆಮ್ಮಿ, ಒಮ್ಮೆ ಕುಪ್ಪಳಿಸಿ, ಅನಂತರ ಗದ್ದೆಗೆ ಪ್ರದಕ್ಷಿಣೆ ಬಂತು. ಎರಡನೆಯ ಸುತ್ತಿಗೆ ಅವಳು ಹಾರ್ನ್ ಕೂಡ ಹೊಡೆದಳು. ಹೊಡೆದದ್ದು ದಾರಿಗೆ ಅಡ್ಡ ನಿಂತಿದ್ದ ನನಗೆ.

“ಅಮ್ಮ ಬಿಡ್ತ್ರ್!” ಎಂದು ಶೀನ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ, ಎರಡು ಸಲ ಮಾತ್ರ.

ಆ ವಾರವಿಡೀ ನಾನು ಮನೆಯಲ್ಲಿ ಗಂಟುಮುಖ ಹಾಕಿಕೊಂಡಿದ್ದೆ. ಭೂಪಟವನ್ನು ಸುತ್ತಿ ಮೂಲೆಗಿಟ್ಟೆ. ಸಿಂಹಳದಲ್ಲಿ ಮಳೆ ಬೇಗ ಹಿಡಿಯುತ್ತದಂತೆ, ಹಡಗಿನಲ್ಲಿ ತಲೆಸುತ್ತಂತೆ ಎಂದು ಗೋಡೆಗೆ ಹೇಳುತ್ತಿದ್ದೆ. ಕಾಗದ ಬಂದಂದಿನಿಂದ ಸಂಜೆ ಜಗಲಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದ ಸರಸ್ವತಿ ಮತ್ತೆ ಅಡುಗೆಮನೆಯಲ್ಲೇ ಉಳಿದಳು. ಜಗಲಿ ಇಷ್ಟು ಅಗಲವಿತ್ತೇ ಎಂದು ನನಗೆ ಅನಿಸತೊಡಗಿತು.

ಅದೇ ವಾರದ ಕೊನೆಗೆ ಬೈಂದೂರಿನ ಮಹಿಳೆಯರ ಸಭೆಯಲ್ಲಿ ನನ್ನ ಭಾಷಣವಿತ್ತು. ವಿಷಯ, ಸ್ತ್ರೀಯರ ಪ್ರಗತಿ. ಒಪ್ಪಿಕೊಂಡದ್ದು ಹುಲ್ಲುಕುತ್ರಿಗಿಂತ ಮೊದಲು. ಹೊಳೆ ದಾಟಿ ಹೋಗಿ, ಒಂದು ಗಂಟೆ ಕಾಲ ಹೆಣ್ಣು ಮನೆಯ ಹೊಸ್ತಿಲು ದಾಟಿ ವಿದ್ಯೆಯ ಶಿಖರವೇರಬೇಕೆಂದು ಗುಡುಗಿದೆ. ಮುಗಿಸಿ ಕುಳಿತಾಗ ಮುಂದಿನ ಸಾಲಿನಿಂದ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕಿಯೊಬ್ಬರು ಎದ್ದರು.

“ಮಾಷ್ಟ್ರೆ, ನೀವ್ ಹೇಳಿದ್ದೆಲ್ಲ ಸಮ. ನಿಮ್ಮನಿ ಹೆಂಗ್ಸಿಗ್ ಎಂತ ಕಲ್ಸಿದ್ರಿ?”

ಸುಳ್ಳು ಹೇಳಲು ನಾಲಿಗೆ ಸಿದ್ಧವಾಗಿತ್ತು. ಆದರೆ ಆ ಕಣ್ಣುಗಳು ನನ್ನನ್ನು ಬಿಡಲಿಲ್ಲ. “ನಾನು ಏನನ್ನೂ ಕಲಿಸಲಿಲ್ಲ,” ಎಂದೆ. “ಅವಳಾಗಿಯೇ ಕಾರು ಬಿಡಲು ಕಲಿತಳು. ನನಗೆ ಬರಲಿಲ್ಲ. ಅದಕ್ಕೆ ಒಂದು ವಾರದಿಂದ ಮುಖ ಊದಿಸಿಕೊಂಡಿದ್ದೇನೆ.”

ಸಭೆ ಗೊಳ್ಳೆಂದು ನಕ್ಕಿತು. ಮುದುಕಿ ಮಾತ್ರ ನಗಲಿಲ್ಲ. “ಹಂಗಾರ್ ಇಲ್ ಎಂತಕ್ಕೆ ಕೂಕಂಡಿದ್ರಿ? ಮನಿಗ್ ಹೋಯ್ನಿ,” ಎಂದರು.

ಮನೆಗೆ ಬಂದೆ. ಸರಸ್ವತಿ ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, “ಬಪ್ಪ ಭಾನುವಾರ ಬ್ರಹ್ಮಾವರಕ್ಕೆ ಹೋಪ. ನೀನ್ ರಿವರ್ಸ್ ಕಲೂಕೆ ಬಾಕಿ ಇತ್ತಲೆ,” ಎಂದೆ.

ತುರಿಯುವ ಕೈ ನಿಂತಿತು. “ಬೈಂದೂರಲ್ ಎಂತ ಆಯ್ತ್?”

“ಭಾಷಣ ಆಯ್ತ್.”

“ಯಾರ್ದ್?”

ಈ ಹೆಂಗಸಿನ ಮನಸ್ಸೆಂಬ ಪ್ರದೇಶದ ಪಟವನ್ನು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿ ನೋಡದೆ, ನಾನು ಸಿಂಹಳದ ಪಟ ಬಿಚ್ಚಲು ಹೊರಟಿದ್ದೆನಲ್ಲ! ಅಂದು ಅವಳ ಮುಂದೆ ನೆಲದ ಮೇಲೆ ಕುಳಿತು ಮುದುಕಿಯ ಭಾಷಣವನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವಳು ನಕ್ಕು ನಕ್ಕು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೋಗಿ ಲೈಸೆನ್ಸಿನ ಪರೀಕ್ಷೆ ಕೊಟ್ಟೆವು. ‘ಕೊಟ್ಟೆವು’ ಎಂಬುದು ಸಂಸಾರಸ್ಥನ ಬಹುವಚನ. ಅಧಿಕಾರಿಗಳು ಎರಡು ಸಲ ನನ್ನನ್ನೇ ಚಕ್ರದ ಮುಂದೆ ಕೂರಿಸಲು ನೋಡಿದರು. ಎರಡು ಸಲವೂ ನಾನು ಬಾಗಿಲು ತೆಗೆದು ಅವಳಿಗೆ ದಾರಿ ಬಿಟ್ಟೆ. ಅವಳು ಮೊದಲ ಯತ್ನದಲ್ಲೇ ಗೆದ್ದಳು.

ರೈಲು, ಹಡಗು, ಮತ್ತೆ ರೈಲು. ಕೊಲಂಬೊದಲ್ಲಿ ಮರುದಿನ ಬೆಳಿಗ್ಗೆ ಭಾವ ಕಾರನ್ನು ತೊಳೆಸಿ, ಹೂವೇರಿಸಿ, ಬೀಗದ ಕೈಯನ್ನು ಬಹಳ ಮರ್ಯಾದೆಯಿಂದ ನನ್ನ ಅಂಗೈಯಲ್ಲಿಟ್ಟ. ತಂಗಿ ಕಲಿತ ಸುದ್ದಿಯನ್ನು ನಾವು ಅವನಿಗೆ ಬರೆದಿರಲಿಲ್ಲ. ನಾನು ಬೀಗದ ಕೈಯನ್ನು ಸರಸ್ವತಿಯ ಕೈಗೆ ದಾಟಿಸಿ, ಮುಂದಕ್ಕೆ ಹೋಗಿ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿದೆ. ಭಾವನ ಬಾಯಿ ತೆರೆದದ್ದು ನಾವು ಬೀದಿಯ ತಿರುವು ದಾಟುವವರೆಗೂ ಮುಚ್ಚಿರಲಿಲ್ಲ.

ಮೊದಲ ಚೌಕದಲ್ಲಿ ಪೊಲೀಸನೊಬ್ಬ ಕೈಯೆತ್ತಿದ. ಕಾರು ಕುಲುಕದೆ ನಿಂತಿತು. ಅವನು ಚಕ್ರ ಹಿಡಿದ ಬಳೆಗಳ ಕೈಯನ್ನೂ, ಸೊಂಟಕ್ಕೆ ಸಿಕ್ಕಿಸಿದ ನೆರಿಗೆಯನ್ನೂ ಒಂದು ಗಳಿಗೆ ನೋಡಿ, ದಾರಿ ಬಿಟ್ಟು, ಠೀವಿಯಿಂದ ಸಲಾಮು ಹೊಡೆದ. ಎಡಗಡೆ ಕುಳಿತಿದ್ದ ನಾನು ಅಷ್ಟೇ ಗಾಂಭೀರ್ಯದಿಂದ ಕೈಯೆತ್ತಿ ಪ್ರತಿವಂದನೆ ಮಾಡಿದೆ.

ಸರಸ್ವತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಅದ್ ನಂಗ್ ಹೊಡ್ದದ್,” ಎಂದಳು.

ನಾನು ಕೈ ಇಳಿಸಿದೆ.